ಹಲ್ಲು ಕೀಳಿಸುವುದು ಅಗ್ಗವೆ?

ಕಾಪುವಿನಿಂದ ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನು ಈಚೆಗೆ ಪಾಠ ಮುಗಿದ ಬಳಿಕ ನಮ್ಮ ಬಳಿಗೆ ಬಂದನು. ಅವನ ತಾಯಿ ಬೀಡಿ ಕಟ್ಟುವವರು. ಅವರ ವಸಡಿನಿಂದ ಬಹುಕಾಲದಿಂದ ರಕ್ತ ಒಸರುತ್ತಿತ್ತು; ಈಗ ಎರಡು ಹಲ್ಲುಗಳು ಅಲುಗಾಡತೊಡಗಿವೆ. ಚಿಕಿತ್ಸೆಗೆ ಐದು ಸಲ ಬರಬೇಕೆಂದು ದಂತವೈದ್ಯರು ತಿಳಿಸಿದ್ದಾರೆ. “ಸರ್, ಆ ಎರಡು ಹಲ್ಲು ಕೀಳಿಸಿದರೆ ಒಂದೇ ದಿನದಲ್ಲಿ, ಕಡಿಮೆ ಹಣದಲ್ಲಿ ಮುಗಿಯುತ್ತದೆ. ಉಳಿಸುವುದಕ್ಕೇ ಹೆಚ್ಚು ಖರ್ಚು. ಇದು ಯಾವ ಲೆಕ್ಕ?” ಎಂದು ಕೇಳಿದನು.

ಪ್ರಶ್ನೆ ಭೌತಶಾಸ್ತ್ರದ್ದಲ್ಲ. ಆದರೂ ಇದರ ಉತ್ತರದಲ್ಲಿ ಅಳತೆ, ಕ್ಷೇತ್ರಫಲ, ಕಂಪನ ಎಲ್ಲವೂ ಬರುತ್ತವೆ. ಆದುದರಿಂದ ಈ ಲೆಕ್ಕವನ್ನು ನಾವು ಇಲ್ಲಿ ಹಂತಹಂತವಾಗಿ ಬಿಡಿಸಿ ನೋಡೋಣ.

ರೋಗದ ನೆಲೆ

ಹಲ್ಲು ದವಡೆಯ ಎಲುಬಿನಲ್ಲಿ ಮೊಳೆಯಂತೆ ಹೊಡೆದು ನಿಲ್ಲಿಸಿದ ವಸ್ತುವಲ್ಲ. ಬೇರಿಗೂ ಎಲುಬಿಗೂ ನಡುವೆ ಅತಿ ಸೂಕ್ಷ್ಮವಾದ ತಂತುಗಳಿದ್ದು, ಹಲ್ಲು ಅವುಗಳ ಆಧಾರದಲ್ಲಿ ನಿಂತಿದೆ. ಹಲ್ಲಿಗೂ ವಸಡಿನ ಅಂಚಿಗೂ ನಡುವೆ 1ರಿಂದ 3 ಮಿಲಿಮೀಟರ್ ಆಳದ ಒಂದು ಸಂದು ಆರೋಗ್ಯವಂತರಲ್ಲಿಯೂ ಉಂಟು. ಸರಿಯಾಗಿ ಉಜ್ಜದಿದ್ದರೆ ಈ ಅಂಚಿನಲ್ಲಿ ಬಿಳುಪಾದ ಪಾಚಿ ಕೂಡುತ್ತದೆ. ಪಾಚಿಯೆಂದರೆ ಕೇವಲ ಅನ್ನದ ಅಗುಳಲ್ಲ. ಅದು ಬ್ಯಾಕ್ಟೀರಿಯಗಳ ವಸಾಹತು. ಹಾಲೆಂಡಿನ ಲೀವೆನ್‌ಹುಕ್ ಎಂಬಾತನು ತನ್ನ ಹಲ್ಲಿನ ಪಾಚಿಯಲ್ಲಿ ಓಡಾಡುವ ಜೀವಿಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡು, 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದನು. ವಿನೆಗರಿನಿಂದ ಬಾಯಿ ತೊಳೆದರೆ ಪಾಚಿಯ ಹೊರಮೈಯ ಜೀವಿಗಳು ಮಾತ್ರ ಸಾಯುತ್ತವೆ, ಒಳಗಿನವು ಉಳಿಯುತ್ತವೆ ಎಂಬುದನ್ನೂ ಅವನು ಗಮನಿಸಿದ್ದನು. ಬಾಯಿ ಮುಕ್ಕಳಿಸುವ ಔಷಧವೊಂದರಿಂದಲೇ ವಸಡಿನ ರೋಗ ಏಕೆ ಗುಣವಾಗದೆಂಬುದಕ್ಕೆ ಉತ್ತರ ಇದರಲ್ಲಿಯೇ ಇದೆ.

ಪಾಚಿಯು ಹಾಗೆಯೇ ಉಳಿದರೆ, ಉಗುಳಿನಲ್ಲಿರುವ ಕ್ಯಾಲ್ಸಿಯಂ ಲವಣಗಳು ಅದರಲ್ಲಿ ಸೇರಿ ಗಟ್ಟಿಯಾದ ಕಿಟ್ಟವಾಗುತ್ತದೆ. ಇದು ಬ್ರಷ್ಷಿಗೆ ಬಗ್ಗುವುದಿಲ್ಲ. ವಸಡು ಕೆಂಪೇರಿ ಊದಿಕೊಂಡು, ಉಜ್ಜಿದಾಗ ರಕ್ತ ಬರುತ್ತದೆ. ಈ ಹಂತದಲ್ಲಿ ಶುಚಿ ಮಾಡಿದರೆ ವಸಡು ಮೊದಲಿನಂತಾಗುತ್ತದೆ. ಕಡೆಗಣಿಸಿದರೆ ಅನೇಕರಲ್ಲಿ ಸಂದಿನ ಆಳ 4, 5, 6 ಮಿಲಿಮೀಟರ್ ಎಂದು ಹೆಚ್ಚುತ್ತದೆ. ತಂತುಗಳು ಕಡಿಯುತ್ತವೆ, ಎಲುಬು ಕರಗುತ್ತದೆ. ಹೀಗೆ ಹೋದ ಎಲುಬು ತಾನಾಗಿ ಮರಳಿ ಬಾರದು. ಇಷ್ಟಾದರೂ ಸಾಮಾನ್ಯವಾಗಿ ನೋವಿರುವುದಿಲ್ಲ. ನೋವಿಲ್ಲದಿರುವುದೇ ಈ ರೋಗದ ದೊಡ್ಡ ಮೋಸ. ಬೀಡಿ ಸಿಗರೇಟು ಸೇದುವವರಲ್ಲಿ ರೋಗ ಉಲ್ಬಣಿಸುವುದಲ್ಲದೆ, ರಕ್ತ ಬರುವುದೂ ಕಡಿಮೆಯಾಗಿ ಮುನ್ಸೂಚನೆಯೇ ಮರೆಯಾಗುತ್ತದೆ.

ಕೆಲಸದ ಪ್ರಮಾಣ

ಇನ್ನು ವೈದ್ಯರ ಕೆಲಸವನ್ನು ಅಳೆದು ನೋಡೋಣ. ಒಂದೊಂದು ಹಲ್ಲಿನ ಸುತ್ತ ಆರು ಕಡೆಗಳಲ್ಲಿ ಸಂದಿನ ಆಳವನ್ನು ಅಳೆಯುವುದು ವಾಡಿಕೆ. 28 ಹಲ್ಲುಗಳಿದ್ದರೆ 168 ಅಳತೆಗಳಾದುವು. ಹಲ್ಲಿನ ಕುತ್ತಿಗೆಯ ಸುತ್ತಳತೆಯನ್ನು ಸರಾಸರಿ 2 ಸೆಂಟಿಮೀಟರ್ ಎಂದೂ, ಸಂದಿನ ಆಳವನ್ನು ಅರ್ಧ ಸೆಂಟಿಮೀಟರ್ ಎಂದೂ ಇಟ್ಟುಕೊಂಡರೆ, ಒಂದು ಹಲ್ಲಿನ ಸುತ್ತಲಿನ ಗಾಯದ ಕ್ಷೇತ್ರಫಲ 1 ಚದರ ಸೆಂಟಿಮೀಟರ್. ಎಲ್ಲ ಹಲ್ಲುಗಳಲ್ಲಿಯೂ ಹೀಗೆಯೇ ಇದ್ದರೆ ಒಟ್ಟು 28 ಚದರ ಸೆಂಟಿಮೀಟರ್. ಅಂದರೆ ಸಣ್ಣ ಬೆಂಕಿಪೊಟ್ಟಣದ ಅಗಲ ಮುಖಕ್ಕಿಂತಲೂ ದೊಡ್ಡ ಗಾಯ. ಇಷ್ಟು ದೊಡ್ಡ ಹುಣ್ಣು ತೋಳಿನ ಮೇಲಿದ್ದರೆ ನಾವು ಒಂದು ದಿನವಾದರೂ ಸುಮ್ಮನಿರುತ್ತಿದ್ದೆವೆ?

ಈ ಮೇಲ್ಮೈಯನ್ನೆಲ್ಲ ಕಣ್ಣಿಗೆ ಕಾಣದ ಆಳದಲ್ಲಿ ಕೆರೆದು ನುಣುಪು ಮಾಡಬೇಕು. ಅದಕ್ಕಾಗಿ ಶ್ರವಣಾತೀತ ಕಂಪನದ ಉಪಕರಣವುಂಟು. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆಂಬುದನ್ನು ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದರು. ಇದರ ವಿಲೋಮವೂ ನಿಜ: ವಿದ್ಯುತ್ತನ್ನು ಹಾಯಿಸಿದರೆ ಹರಳು ಹಿಗ್ಗಿ ಕುಗ್ಗುತ್ತದೆ. ಇಂತಹ ಉಪಕರಣದ ತುದಿ ಸೆಕೆಂಡಿಗೆ 25,000ಕ್ಕೂ ಹೆಚ್ಚು ಸಲ ಕಂಪಿಸಿ ಕಿಟ್ಟವನ್ನು ಒಡೆಯುತ್ತದೆ. ನಮ್ಮ ಕಿವಿಯ ಮಿತಿ ಸುಮಾರು 20,000. ಕಂಪನದಿಂದ ಶಾಖ ಹುಟ್ಟುವುದರಿಂದ ತುದಿಗೆ ಸದಾ ನೀರು ಹರಿಯುತ್ತಿರಬೇಕು. ಯಂತ್ರವಿದ್ದರೂ ಆಳವಾದ ಸಂದುಗಳಲ್ಲಿ ಕೈಯುಪಕರಣಗಳು ಬೇಕು, ಮರಗಟ್ಟಿಸುವ ಚುಚ್ಚುಮದ್ದು ಬೇಕು. ಆದ್ದರಿಂದಲೇ ಬಾಯಿಯನ್ನು ಭಾಗಗಳಾಗಿ ವಿಂಗಡಿಸಿ ಹಲವು ದಿನಗಳಲ್ಲಿ ಕೆಲಸ ಮಾಡುವುದುಂಟು. ಕೆಲವು ವಾರಗಳ ಬಳಿಕ ಮತ್ತೆ ಅಳೆದು, ಆಗಲೂ ಆಳ ಉಳಿದಿದ್ದರೆ ವಸಡನ್ನು ಬಿಡಿಸಿ ಶಸ್ತ್ರಕ್ರಿಯೆ ಮಾಡಬೇಕಾಗಬಹುದು. ನಾವು ಹಣ ತೆರುವುದು ಬಹುಮಟ್ಟಿಗೆ ನುರಿತ ಕೈಯ ಸಮಯಕ್ಕಾಗಿ.

ಕಿಟ್ಟ ತೆಗೆಸಿದರೆ ಹಲ್ಲು ಸಡಿಲಾಗುತ್ತದೆಂಬ ನಂಬಿಕೆ ನಮ್ಮಲ್ಲಿ ಉಂಟು. ಎಲುಬು ಮೊದಲೇ ಕರಗಿರುತ್ತದೆ. ಹಲ್ಲುಗಳನ್ನು ಗಾರೆಯಂತೆ ಹಿಡಿದಿದ್ದ ಕಿಟ್ಟ ಹೋದಾಗ ಆ ನಷ್ಟವು ತಿಳಿಯುತ್ತದೆ, ಅಷ್ಟೆ.

ವೆಚ್ಚದ ಸಮೀಕರಣ

ಶುಲ್ಕವೊಂದೇ ವೆಚ್ಚವಲ್ಲ. ಭೇಟಿಗಳ ಸಂಖ್ಯೆಯನ್ನು ಶುಲ್ಕ, ಬಸ್ಸಿನ ಹಣ, ಹೋದ ಕೂಲಿ ಈ ಮೂರರ ಮೊತ್ತದಿಂದ ಗುಣಿಸಿ, ಎಕ್ಸ್‌ರೇ ಮತ್ತು ಔಷಧದ ಹಣವನ್ನು ಕೂಡಿಸಿದರೆ ನಿಜವಾದ ವೆಚ್ಚ ಸಿಗುತ್ತದೆ. ಕಾರ್ಕಳದಿಂದ ಮಣಿಪಾಲಕ್ಕೆ ಸುಮಾರು 35 ಕಿಲೋಮೀಟರ್; ಐದು ಸಲ ಹೋಗಿಬಂದರೆ 350 ಕಿಲೋಮೀಟರ್ ಆಯಿತು. ಕಟ್ಟಿದ ಬೀಡಿಯ ಎಣಿಕೆಯ ಮೇಲೆ ಕೂಲಿ ಪಡೆಯುವವರಿಗೆ ಒಂದು ಭೇಟಿ ಎಂದರೆ ಒಂದು ದಿನದ ಬೀಡಿ ಬ್ರಾಂಚಿಗೆ ತಲುಪಲಿಲ್ಲವೆಂದೇ ಅರ್ಥ.

ಮಣಿಪಾಲದಲ್ಲಿ ದಂತವೈದ್ಯ ಕಾಲೇಜು 1965ರಲ್ಲಿ ಆರಂಭವಾಯಿತು. ದಂತವೈದ್ಯ ಕಾಲೇಜುಗಳಲ್ಲಿ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳು ಚಿಕಿತ್ಸೆ ನೀಡುವುದರಿಂದ ಶುಲ್ಕವು ಸಾಮಾನ್ಯವಾಗಿ ಖಾಸಗಿ ಚಿಕಿತ್ಸಾಲಯಕ್ಕಿಂತ ಕಡಿಮೆ. ಆದರೆ ಸಮಯ ಹೆಚ್ಚು ಹಿಡಿಯುತ್ತದೆ. ಊರಿನಲ್ಲಿಯೇ ಇರುವ ದಂತವೈದ್ಯರಲ್ಲಿ ಶುಲ್ಕ ಹೆಚ್ಚಾದರೂ ಬಸ್ಸಿನ ಹಣವೂ ಕೂಲಿಯೂ ಉಳಿಯಬಹುದು. ಯಾವುದು ಅಗ್ಗವೆಂಬುದನ್ನು ಮೂರು ಪದಗಳನ್ನೂ ಕೂಡಿಸಿಯೇ ನೋಡಬೇಕು. ಉಡುಪಿಯ ಅಜ್ಜರಕಾಡಿನ ಜಿಲ್ಲಾ ಸರಕಾರಿ ಆಸ್ಪತ್ರೆಯಲ್ಲಿಯೂ ವಿಚಾರಿಸುವುದು ಒಳ್ಳೆಯದು.

ಈಗ ಕೀಳಿಸುವ ಲೆಕ್ಕಕ್ಕೆ ಬರೋಣ. ಎರಡು ಹಲ್ಲು ಕಿತ್ತರೆ ಉಳಿದ 26 ಹಲ್ಲುಗಳ ರೋಗ ನಿಲ್ಲುವುದಿಲ್ಲ. ಪಕ್ಕದ ಹಲ್ಲುಗಳು ಖಾಲಿ ಜಾಗದ ಕಡೆಗೆ ವಾಲುತ್ತವೆ, ಅಗಿಯುವ ಬಲ ಕುಗ್ಗುತ್ತದೆ. ಮುಂದೆ ಕಟ್ಟು ಹಲ್ಲಿನ ಖರ್ಚು ಬರುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ವಸಡಿನ ರೋಗ ಬೇಗ ಬೆಳೆಯುತ್ತದೆ. ವಸಡಿನ ರೋಗವು ಸಕ್ಕರೆಯ ಹತೋಟಿಯನ್ನೂ ಕೆಡಿಸುತ್ತದೆ. ಅಗ್ಗವೆನ್ನಿಸಿದುದು ಸಾಲದ ಮೊದಲ ಕಂತು ಮಾತ್ರ. ಉಳಿಸಲಾಗದ ಹಲ್ಲುಗಳೂ ಇರುತ್ತವೆ, ನಿಜ. ಆದರೆ ಅದನ್ನು ಅಳತೆ ನೋಡಿ ವೈದ್ಯರು ನಿರ್ಧರಿಸಬೇಕೇ ಹೊರತು ನಮ್ಮ ಜೇಬಲ್ಲ.

ತಾಯಿಯನ್ನು ಕರೆದುಕೊಂಡು ಹೋದಾಗ ಮೂರು ಪ್ರಶ್ನೆಗಳನ್ನು ಕೇಳು ಎಂದು ನಾವು ಆ ವಿದ್ಯಾರ್ಥಿಗೆ ಹೇಳಿದೆವು: ಸಂದುಗಳ ಆಳ ಎಷ್ಟು? ಒಟ್ಟು ಎಷ್ಟು ಭೇಟಿಗಳು, ಒಂದೊಂದಕ್ಕೆ ಎಷ್ಟು ಹಣ? ಚಿಕಿತ್ಸೆಯ ಅನಂತರ ಎಷ್ಟು ತಿಂಗಳಿಗೊಮ್ಮೆ ತೋರಿಸಬೇಕು? ಬಳಿಕ, “ನಿನ್ನ ವಸಡು ಹೇಗಿದೆ?” ಎಂದು ಕೇಳಿದೆವು. ಬೆಳಗ್ಗೆ ಉಜ್ಜುವಾಗ ಕೆಲವೊಮ್ಮೆ ರಕ್ತ ಬರುತ್ತದೆಂದು ಅವನು ಒಪ್ಪಿಕೊಂಡನು. ಈ ವಾರವೇ ತೋರಿಸಿಕೊಂಡು, ದಿನಕ್ಕೆ ಎರಡು ಸಲ ಸರಿಯಾಗಿ ಉಜ್ಜಿದರೆ, ಅವನ ಲೆಕ್ಕ ಬಹುಶಃ ಒಂದೇ ಭೇಟಿಯಲ್ಲಿ ಮುಗಿಯಬಹುದು. ತಾಯಿಯ ಲೆಕ್ಕವೂ ಒಮ್ಮೆ ಅಷ್ಟೇ ಇತ್ತು.