ಎದೆಯ ಗಾತ್ರವೂ ಎದೆಹಾಲೂ

ಹುಟ್ಟಿದ ಕೂಸು ಎರಡನೆಯ ರಾತ್ರಿ ಎಡೆಬಿಡದೆ ಅಳತೊಡಗಿದಾಗ, ಬಾಣಂತಿಯನ್ನು ನೋಡಲು ಬಂದ ಹಿರಿಯರೊಬ್ಬರು ಅವಳ ಎದೆಯತ್ತ ಕಣ್ಣು ಹಾಯಿಸಿ, "ಇವಳದು ಸಣ್ಣ ಎದೆ, ಹಾಲು ಎಲ್ಲಿಂದ ಬರಬೇಕು?" ಎಂದುಬಿಡುವುದನ್ನು ನಾವು ಹಲವು ಮನೆಗಳಲ್ಲಿ ಕೇಳಿದ್ದೇವೆ. ಮರುದಿನವೇ ಪುಡಿಹಾಲಿನ ಡಬ್ಬಿ ಮನೆಗೆ ಬರುತ್ತದೆ. ಕೂಸು ತಾಯಿಯ ಎದೆಗೆ ಬಾಯಿ ಹಾಕುವುದು ಕಡಿಮೆಯಾಗುತ್ತದೆ. ಕುಡಿಯುವುದು ಕಡಿಮೆಯಾದಂತೆ ಹಾಲೂ ನಿಜವಾಗಿಯೇ ಇಳಿದುಹೋಗುತ್ತದೆ. ಹದಿನೈದು ದಿನಗಳಲ್ಲಿ ಹಿರಿಯರ ಮಾತೇ ಸತ್ಯವಾದಂತೆ ತೋರುತ್ತದೆ! ಇದು ಏಕೆ ತಪ್ಪೆಂಬುದನ್ನು ತಿಳಿಯಲು ಸ್ತನದ ಒಳರಚನೆಯನ್ನು ಅರಿಯಬೇಕು. ಕೂಸಿನ ಮೊದಲ ಆಹಾರ ಸಿದ್ಧವಾಗುವ ಅಂಗದ ವಿಷಯವಾದ್ದರಿಂದ ಇಲ್ಲಿ ಸಂಕೋಚಕ್ಕೆ ಎಡೆಯಿಲ್ಲ.

ಸ್ತನವು ಎದೆಯ ದೊಡ್ಡ ಸ್ನಾಯುವಿನ ಮೇಲೆ, ಸುಮಾರಾಗಿ ಎರಡನೆಯ ಪಕ್ಕೆಲುಬಿನಿಂದ ಆರನೆಯ ಪಕ್ಕೆಲುಬಿನವರೆಗೆ ಹರಡಿಕೊಂಡಿರುತ್ತದೆ. ಅದರ ಒಂದು ತುದಿ ಕಂಕುಳಿನವರೆಗೂ ಚಾಚಿರುತ್ತದೆ. ಹೆತ್ತ ಮೂರು ನಾಲ್ಕನೆಯ ದಿನ ಕೆಲವರಿಗೆ ಕಂಕುಳಲ್ಲಿ ಊತ ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಇದರಿಂದಲೇ. ಒಳಗಿರುವುದು ಮುಖ್ಯವಾಗಿ ಮೂರು ವಸ್ತುಗಳು: ಹಾಲು ತಯಾರಿಸುವ ಗ್ರಂಥಿ, ಎಲ್ಲವನ್ನೂ ಹಿಡಿದು ನಿಲ್ಲಿಸುವ ನಾರಿನ ಎಳೆಗಳು, ಇವುಗಳ ನಡುವೆ ತುಂಬಿಕೊಂಡಿರುವ ಕೊಬ್ಬು. ಗ್ರಂಥಿಯು ದ್ರಾಕ್ಷಿಯ ಗೊಂಚಲನ್ನು ಹೋಲುತ್ತದೆ. ಹಣ್ಣುಗಳಂತಿರುವ ಸಣ್ಣ ಚೀಲಗಳಲ್ಲಿ ಹಾಲು ಹುಟ್ಟಿ, ಕಡ್ಡಿಗಳಂತಿರುವ ನಾಳಗಳ ಮೂಲಕ ತೊಟ್ಟಿಗೆ ಹರಿದು ಬರುತ್ತದೆ. ಇಂಗ್ಲೆಂಡಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ ಅವರು 1840ರಲ್ಲಿ ಈ ಅಂಗದ ರಚನೆಯ ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿದರು; ನಾರಿನ ಎಳೆಗಳಿಗೆ ಇಂದಿಗೂ ಅವರ ಹೆಸರೇ ಇದೆ. ಪ್ರತಿ ಸ್ತನದಲ್ಲಿ 15ರಿಂದ 20 ನಾಳಗಳಿರುತ್ತವೆಂದು ಪಠ್ಯಗಳು ಬಹುಕಾಲ ಹೇಳುತ್ತ ಬಂದವು. 2005ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಹಾಲೂಡಿಸುವ ತಾಯಂದಿರನ್ನು ಅಲ್ಟ್ರಾಸೌಂಡ್ ಮೂಲಕ ಪರೀಕ್ಷಿಸಿದಾಗ ಅವರಿಗೆ ಕಂಡ ಮುಖ್ಯ ನಾಳಗಳು ಸರಾಸರಿ 9 ಮಾತ್ರ. ಅದೂ ಎಲ್ಲರಲ್ಲಿ ಒಂದೇ ಸಮನಾಗಿರಲಿಲ್ಲ. ಒಳಗಿನ ರಚನೆಯಲ್ಲಿಯೇ ಇಷ್ಟು ವ್ಯತ್ಯಾಸವಿರುವಾಗ ಹೊರಗಿನ ಆಕಾರ ಎಲ್ಲರದೂ ಒಂದೇ ಆಗಿರಬೇಕೆನ್ನುವುದೆಂತು?

ಸ್ತನದ ಗಾತ್ರದಲ್ಲಿ ಕಾಣುವ ಅಂತರ ಬಹುಪಾಲು ಕೊಬ್ಬಿನದು. ಅದು ವಂಶ, ಮೈತೂಕ, ವಯಸ್ಸುಗಳನ್ನು ಅನುಸರಿಸುತ್ತದೆ. ಹಾಲು ಕೊಡುವುದು ಗ್ರಂಥಿ. ಅದು ಬಸುರಿನ ಕಾಲದಲ್ಲಿ ಬೆಳೆದು ಸಿದ್ಧವಾಗುತ್ತದೆ. ಹೆತ್ತ ಮೇಲೆ ಕೂಸು ಚೀಪಿದಾಗ ತಾಯಿಯ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಎರಡು ಹಾರ್ಮೋನುಗಳು ಹೊರಡುತ್ತವೆ. ಪ್ರೊಲ್ಯಾಕ್ಟಿನ್ ಹಾಲನ್ನು ಉತ್ಪಾದಿಸುತ್ತದೆ, ಆಕ್ಸಿಟೋಸಿನ್ ಅದನ್ನು ತೊಟ್ಟಿನ ಕಡೆಗೆ ಹಿಂಡುತ್ತದೆ. ಎದೆ ಖಾಲಿಯಾದಷ್ಟೂ ಹೊಸ ಹಾಲು ಬೇಗ ಊರುತ್ತದೆ. ಒಂದು ಸಲಕ್ಕೆ ಎಷ್ಟು ಹಾಲನ್ನು ಹಿಡಿದಿಟ್ಟುಕೊಳ್ಳಬಲ್ಲದೆಂಬುದು ಮಾತ್ರ ತಾಯಿಯಿಂದ ತಾಯಿಗೆ ಬೇರೆ. ಕಡಿಮೆ ಹಿಡಿಸುವ ಎದೆಯ ಕೂಸು ಹೆಚ್ಚು ಸಲ ಕುಡಿಯುತ್ತದೆ, ಅಷ್ಟೇ. ಸಣ್ಣ ಕೊಡದಲ್ಲಿ ನೀರು ಹೊರುವವಳು ನಾಲ್ಕು ಸಲ ಹೆಚ್ಚಿಗೆ ತಿರುಗಿದರೂ ಹಂಡೆ ತುಂಬಿಯೇ ತುಂಬುತ್ತದೆ.

ಹಾಗಾದರೆ ಎರಡನೆಯ ರಾತ್ರಿಯ ಆ ಅಳು? ಮೊದಲ ದಿನಗಳ ಹಳದಿಯಾದ ಗಟ್ಟಿ ಹಾಲು ಸ್ವಲ್ಪವೇ ಇರುತ್ತದೆ. ಕೂಸಿನ ಹೊಟ್ಟೆಯೂ ಆಗ ಅಷ್ಟೇ ಸಣ್ಣದು. ಮತ್ತೆ ಮತ್ತೆ ಎದೆಗೆ ಬರುವ ಮೂಲಕ ಕೂಸು ಮುಂದಿನ ಹಾಲನ್ನು ಕರೆಯುತ್ತಿರುತ್ತದೆ. ಸಾಮಾನ್ಯವಾಗಿ ಮೂರು ನಾಲ್ಕನೆಯ ದಿನಕ್ಕೆ ಹಾಲು ಏರುತ್ತದೆ. ಸಿಸೇರಿಯನ್ ಆದವರಿಗೆ ತುಸು ತಡವಾಗಬಹುದು. ಹಾಲು ಸಾಲುತ್ತಿದೆಯೇ ಎಂಬುದನ್ನು ಕೂಸನ್ನು ನೋಡಿ ತಿಳಿಯಬೇಕು. ಐದನೆಯ ದಿನದ ಬಳಿಕ ಹಗಲು ರಾತ್ರಿ ಸೇರಿ ಆರು ಸಲವಾದರೂ ಮೂತ್ರ ಮಾಡುತ್ತಿದ್ದು, ಎರಡು ವಾರಗಳ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ಮರಳಿದ್ದರೆ ಚಿಂತೆಯಿಲ್ಲ. ಹಾಗಾಗದಿದ್ದರೆ ವೈದ್ಯರಲ್ಲಿಗೆ ಹೋಗಲು ತಡಮಾಡಬಾರದು. ಗ್ರಂಥಿಯೇ ಸರಿಯಾಗಿ ಬೆಳೆಯದ ತಾಯಂದಿರೂ ಅಪರೂಪಕ್ಕೆ ಇರುತ್ತಾರೆ. ಬಸುರಿನಲ್ಲಿಯೂ ಎದೆಯಲ್ಲಿ ಯಾವ ಬದಲಾವಣೆಯೂ ಕಾಣದಿದ್ದುದು ಅದರ ಒಂದು ಸೂಚನೆ. ಅಂಥವರಿಗೆ ವೈದ್ಯರ ನೆರವು ಬೇಕು, ಮನೆಯವರ ಮೂದಲಿಕೆಯಲ್ಲ.

ಬೆಳೆಯುವ ಹೆಣ್ಣುಮಕ್ಕಳ ಬಗ್ಗೆಯೂ ಒಂದು ಮಾತು. ಸ್ತನದ ಬೆಳವಣಿಗೆ ಸಾಮಾನ್ಯವಾಗಿ 8ರಿಂದ 13ನೆಯ ವಯಸ್ಸಿನೊಳಗೆ ಆರಂಭವಾಗುತ್ತದೆ. ಅನೇಕರಲ್ಲಿ ಮೊದಲು ಒಂದೇ ಕಡೆ ಸಣ್ಣ ಗಂಟಿನಂತೆ ಮೂಡಿ, ಕೆಲವು ತಿಂಗಳ ನಂತರ ಇನ್ನೊಂದು ಕಡೆ ಕಾಣಿಸುತ್ತದೆ. ತಾಯಿ ಇದನ್ನು ಮೊದಲೇ ತಿಳಿಸಿದ್ದರೆ ಮಗಳು ಬೆದರುವುದಿಲ್ಲ. ಬೆಳೆದ ಮೇಲೂ ಎರಡರ ನಡುವೆ ತುಸು ಅಂತರ ಉಳಿಯುವುದೇ ಹೆಚ್ಚು. ಗಾತ್ರ ಹೆಚ್ಚಿಸುತ್ತೇವೆಂದು ಮಾರುವ ಎಣ್ಣೆ, ಮುಲಾಮುಗಳಿಗೆ ಹಣ ಸುರಿಯುವುದು ವ್ಯರ್ಥ. ಮುಟ್ಟಿನ ಮುನ್ನ ಎದೆ ಬಿಗಿದು ನೋಯುವುದೂ, ಮುಟ್ಟು ನಿಂತ ಮೇಲೆ ಗ್ರಂಥಿ ಕುಗ್ಗಿ ಎದೆ ಸಡಿಲವಾಗುವುದೂ ಸಹಜವೇ.

ಆದುದರಿಂದ ಒಬ್ಬಳ ಎದೆಯನ್ನು ಇನ್ನೊಬ್ಬಳದರೊಂದಿಗೆ ಹೋಲಿಸುವುದರಿಂದ ಏನೂ ತಿಳಿಯದು. ತನ್ನದನ್ನು ತನ್ನ ಹಿಂದಿನ ಸ್ಥಿತಿಯೊಂದಿಗೆ ಹೋಲಿಸಿ ನೋಡಬೇಕು. ಹುಟ್ಟಿನಿಂದ ಒಳಸೇರಿದ ತೊಟ್ಟು ರೋಗವಲ್ಲ. ಹೊರಗಿದ್ದ ತೊಟ್ಟು ಹೊಸದಾಗಿ ಒಳಸೇರಿದರೆ ಪರೀಕ್ಷೆ ಅಗತ್ಯ. ಹೊಸ ಗಂಟು, ತೊಟ್ಟಿನಿಂದ ರಕ್ತ, ಒಂದೇ ಕಡೆ ಇದ್ದಕ್ಕಿದ್ದಂತೆ ಬದಲಾದ ಗಾತ್ರ, ಕಿತ್ತಳೆಯ ಸಿಪ್ಪೆಯಂತಾದ ಚರ್ಮ, ಇವನ್ನೂ ತೋರಿಸಲೇಬೇಕು. ಒಳಗಿನ ಗಡ್ಡೆ ನಾರಿನ ಎಳೆಗಳನ್ನು ಜಗ್ಗಿದಾಗ ಮೇಲಿನ ಚರ್ಮದಲ್ಲಿ ಕುಳಿ ಬೀಳುವುದೂ ಉಂಟು. ಕ್ಯಾನ್ಸರಿನ ಗಂಟು ಆರಂಭದಲ್ಲಿ ಹೆಚ್ಚಾಗಿ ನೋಯುವುದಿಲ್ಲ. ನೋವಿಲ್ಲವೆಂದು ಸುಮ್ಮನಿದ್ದವರೇ ತಡವಾಗಿ ಆಸ್ಪತ್ರೆ ಸೇರುತ್ತಾರೆ. ಪುರುಷ ವೈದ್ಯರ ಮುಂದೆ ಹೇಳಲು ನಾಚಿಕೆಯೆನಿಸುವ ತಾಯಂದಿರು ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ, ಅವರೊಡನೆ ಮಹಿಳಾ ವೈದ್ಯರಿರುವ ಆಸ್ಪತ್ರೆಗೆ ಹೋಗಬಹುದು.