ಹಸಿರೆಲ್ಲ ಮೇವಲ್ಲ: ಯುಗಾದಿಯಿಂದ ಮಿರಗದವರೆಗೆ ದನಕರುಗಳ ಆರೈಕೆ

ಫಾಲ್ಗುಣ ಕಾಲಿಡುವ ಹೊತ್ತಿಗೆ ತೆಲಸಂಗದ ಸುತ್ತಿನ ಹೊಲಗಳಲ್ಲಿ ಹಿಂಗಾರಿ ಜೋಳದ ರಾಶಿ ನಡೆದಿರುತ್ತದೆ. ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋದ ಬಂಡಿಗಳು ಮರಳಿರುತ್ತವೆ. ಹೊಸ ಕಣಿಕೆ ತಿಂದ ದನಗಳ ಮೈ ತುಂಬಿರುತ್ತದೆ. ಅಲ್ಲಿಂದ ಮಿರಗದ ಮಳೆ ಬೀಳುವವರೆಗಿನ ಮೂರೂವರೆ, ನಾಲ್ಕು ತಿಂಗಳೇ ಕಷ್ಟದ ಕಾಲ. ಅಥಣಿ ತಾಲ್ಲೂಕಿನ ಹೊಳೆದಂಡೆಯ ಊರುಗಳಿಗೆ ಕೃಷ್ಣೆಯ ನೀರು, ಕಬ್ಬು ಇವೆ. ಮೂಡಣ ಭಾಗದ ತೆಲಸಂಗದಂಥ ಊರಿಗೆ ಮಳೆ ಮತ್ತು ಕೊಳವೆಬಾವಿಯೇ ಗತಿ. ಎರಡು ಎಮ್ಮೆ, ಒಂದು ಜೋಡಿ ಎತ್ತು, ನಾಲ್ಕು ಆಡು, ಹತ್ತು ಜವಾರಿ ಕೋಳಿ ಇಟ್ಟುಕೊಂಡ ಮನೆಯವರು ಈಗ ಮಾಡಬೇಕಾದ ಕೆಲಸಗಳು ಇಲ್ಲಿವೆ.

ಮೊದಲು ಬಣವಿ ಅಳೆಯಿರಿ

ಹತ್ತು ಸೂಡು ತೂಗಿ ಸರಾಸರಿ ತೆಗೆಯಿರಿ. ಬಣವಿಯಲ್ಲಿ ಎಷ್ಟು ಸೂಡು ಇವೆ ಎಂಬುದು ಒಟ್ಟಿದವರಿಗೆ ಗೊತ್ತೇ ಇರುತ್ತದೆ. ದೊಡ್ಡ ದನವೊಂದಕ್ಕೆ ದಿನಕ್ಕೆ 6ರಿಂದ 7 ಕೆ.ಜಿ. ಒಣಮೇವು ಬೇಕು. 120 ದಿನಕ್ಕೆ ಲೆಕ್ಕ ಹಾಕಿದರೆ ಒಂದಕ್ಕೆ 840 ಕೆ.ಜಿ., ನಾಲ್ಕಕ್ಕೆ ಹೆಚ್ಚುಕಡಿಮೆ 34 ಕ್ವಿಂಟಲ್. ಕಡಿಮೆ ಬಿದ್ದರೆ ರಾಶಿಯ ದಿನಗಳಲ್ಲೇ ಕೊಂಡು ಒಟ್ಟಿಕೊಳ್ಳಿ. ವೈಶಾಖದಲ್ಲಿ ಕೊಳ್ಳಲು ಹೊರಟರೆ ಕೇಳಿದ ಬೆಲೆ ಕೊಡಬೇಕಾಗುತ್ತದೆ.

ಮಾಲದಂಡಿ ಜೋಳದ ಕಣಿಕೆಯಂಥ ಒಣಮೇವು ನಮ್ಮ ಭಾಗದಲ್ಲಿ ಬೇರೆ ಇಲ್ಲ. ಅದನ್ನು ಇಡಿಯಾಗಿ ಹಾಕಿದರೆ ದನ ಎಲೆ ತಿಂದು ದಂಟನ್ನು ತುಳಿದುಹಾಕುತ್ತದೆ. ಕುಟ್ಟಿ ಮಷೀನಿನಲ್ಲಿ ಒಂದಿಂಚು ಕತ್ತರಿಸಿ ಗೋದಲಿಗೆ ಹಾಕಿದರೆ ದಂಟೂ ಹೊಟ್ಟೆ ಸೇರುತ್ತದೆ. ಬಣವಿಯನ್ನು ಮನೆಯಿಂದ ದೂರ, ವಿದ್ಯುತ್ ತಂತಿ ಹಾದುಹೋಗದ ಜಾಗದಲ್ಲಿ ಒಟ್ಟಿ. ಏಪ್ರಿಲ್‌ನ ಅಡ್ಡಮಳೆಗೆ ನೆನೆದು ಬೂಸ್ಟು ಹಿಡಿದ ಕಣಿಕೆ ದನಕ್ಕೆ ಬೇಡ. ಮೊದಲೇ ತಾಡಪಾಲು ಹೊದಿಸಿಬಿಡಿ.

ಗೋದಿ ಹೊಟ್ಟಿನಲ್ಲಿ ಸತ್ವ ಕಡಿಮೆ. 100 ಕೆ.ಜಿ. ಹೊಟ್ಟಿಗೆ 4 ಕೆ.ಜಿ. ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ತಾಡಪಾಲು ಮುಚ್ಚಿ 21 ದಿನ ಬಿಡಿ. ಆಮೇಲೆ ದಿನಕ್ಕೆ ಬೇಕಾದಷ್ಟನ್ನೇ ತೆಗೆದು, ಘಾಟು ಹೋಗುವವರೆಗೆ ಹರಡಿ, ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಿ. ಆರು ತಿಂಗಳೊಳಗಿನ ಕರುಗಳಿಗೆ ಇದು ಸಲ್ಲದು. ಯೂರಿಯಾ ಕದಡಿದ ಬಾನಿ ದನದ ಬಾಯಿಗೆ ಸಿಗಲೇಬಾರದು, ಅದು ನೇರ ವಿಷ.

ಹಸಿರು ಕಂಡಲ್ಲಿ ಎಚ್ಚರ

ಚೈತ್ರದಲ್ಲಿ ಮಡ್ಡಿಯೆಲ್ಲ ಒಣಗಿ ನಿಂತಾಗ ಎಲ್ಲೋ ಒಂದು ತುಂಡು ಹಸಿರು ಕಂಡರೆ ದನ ಹಗ್ಗ ಜಗ್ಗುತ್ತದೆ, ಮನುಷ್ಯನ ಮನಸ್ಸೂ ಸೋಲುತ್ತದೆ. ಆದರೆ ಈ ಹೊತ್ತಿನಲ್ಲಿ ಸಿಗುವ ಮೂರು ಬಗೆಯ ಹಸಿರಿನಲ್ಲಿ ಅಪಾಯವಿದೆ. ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಒಂದು, ಜೋಳದ ಕುಳೆ. ಬೇರುಸಹಿತ ಕಿತ್ತ ಹೊಲದಲ್ಲಿ ಈ ಚಿಂತೆ ಇಲ್ಲ. ಕುಡಗೋಲಿನಿಂದಲೋ ಯಂತ್ರದಿಂದಲೋ ಕೊಯ್ದ ಹೊಲದಲ್ಲಿ ಕೂಳಿ ಉಳಿದಿರುತ್ತದೆ. ಒಂದು ಅಡ್ಡಮಳೆ ಬಿದ್ದರೆ, ಇಲ್ಲವೇ ಪಕ್ಕದ ತೋಟದ ನೀರು ಹರಿದರೆ ಅದೇ ಕೂಳಿ ಚಿಗುರುತ್ತದೆ. ಗೇಣುದ್ದದ ಆ ಎಳೆ ಸುಳಿ ದನದ ಹೊಟ್ಟೆ ಸೇರಿದರೆ ಹೈಡ್ರೋಸಯಾನಿಕ್ ಆಮ್ಲ ಬಿಡುಗಡೆಯಾಗುತ್ತದೆ. ರಕ್ತದಲ್ಲಿ ಪ್ರಾಣವಾಯು ಇದ್ದರೂ ದೇಹ ಅದನ್ನು ಬಳಸಿಕೊಳ್ಳಲಾರದು. ತಿಂದ ಕೆಲವೇ ನಿಮಿಷಗಳಲ್ಲಿ ದನ ಏದುಸಿರು ಬಿಡುತ್ತದೆ, ಜೊಲ್ಲು ಸುರಿಸುತ್ತದೆ, ತತ್ತರಿಸಿ ಬೀಳುತ್ತದೆ. ಕಣ್ಣಿನ ಒಳಪೊರೆ ಕೆಂಪಗೆ ಹೊಳೆಯುತ್ತದೆ. ಬರದಲ್ಲಿ ಬಾಡಿ ಮತ್ತೆ ಚಿಗುರಿದ ಬೆಳೆಯಲ್ಲಿ, ಯೂರಿಯಾ ಹೆಚ್ಚು ಬಿದ್ದ ಹೊಲದಲ್ಲಿ ವಿಷ ಇನ್ನೂ ಹೆಚ್ಚು.

ಇದಕ್ಕೆ ಮದ್ದು ಇದೆ. ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ಇಂಜೆಕ್ಷನ್ ಹೊತ್ತಿಗೆ ಸರಿಯಾಗಿ ಸಿಕ್ಕರೆ ದನ ಉಳಿಯುತ್ತದೆ. ಆದರೆ ಅದನ್ನು ಕೊಡಬೇಕಾದವರು ಪಶುವೈದ್ಯರೇ. ಫೋನಿನಲ್ಲಿ 'ದನ ಬಿದ್ದಿದೆ' ಎಂದಷ್ಟೇ ಹೇಳದೆ 'ಜೋಳದ ಕುಳೆ ತಿಂದಿದೆ' ಎಂದು ಹೇಳಿ, ಅವರು ಮದ್ದು ಹಿಡಿದುಕೊಂಡೇ ಹೊರಡುತ್ತಾರೆ. ಏದುಸಿರು ಬಿಡುವ ದನದ ಬಾಯಿಗೆ ಗೊಟ್ಟದಲ್ಲಿ ಏನನ್ನೂ ಹೊಯ್ಯಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಉಳಿದ ದನಗಳನ್ನು ತಕ್ಷಣ ಹೊಲದಿಂದ ಹೊರಗೆ ಹೊಡೆಯಿರಿ. ಕುಳೆ ಹೂ ಬಿಡುವ ಮೊದಲು ಅಲ್ಲಿ ಮೇಯಿಸಬೇಡಿ. ಮೇಯಲು ಬಿಡುವ ದಿನ ಬೆಳಿಗ್ಗೆ ಗೋದಲಿಯಲ್ಲಿ ಕಣಿಕೆ ತಿನ್ನಿಸಿಯೇ ಹಗ್ಗ ಬಿಚ್ಚಿ.

ಎರಡು, ಕಬ್ಬಿನ ವಾಡೆ. ಕಾರ್ಖಾನೆಗಳು ನುರಿಸುವವರೆಗೆ ಹೊಳೆಸಾಲಿನಿಂದ ವಾಡೆ ಬರುತ್ತದೆ, ಅಗ್ಗವೂ ಹೌದು. ಅದರಲ್ಲಿರುವ ಆಕ್ಸಲೇಟ್ ದನದ ಮೈಯ ಸುಣ್ಣವನ್ನು ಕಟ್ಟಿಹಾಕುತ್ತದೆ. ತಿಂಗಳುಗಟ್ಟಲೆ ವಾಡೆಯನ್ನೇ ಹಾಕಿದರೆ ಹಾಲು ಇಳಿಯುತ್ತದೆ, ಈದ ಎಮ್ಮೆ ನೆಲ ಹಿಡಿಯುತ್ತದೆ. ವಾಡೆ ದಿನದ ಮೇವಿನ ಅರ್ಧಕ್ಕಿಂತ ಹೆಚ್ಚಾಗದಿರಲಿ. ಜೊತೆಗೆ ಪ್ರತಿ ದೊಡ್ಡ ದನಕ್ಕೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಬೇಕೇ ಬೇಕು.

ಮೂರು, ದ್ರಾಕ್ಷಿ ಎಲೆ. ಏಪ್ರಿಲ್ ಚಾಟನಿ ಆದಾಗ ತೋಟದ ಬದುವಿನಲ್ಲಿ ಬಳ್ಳಿ, ಎಲೆ ರಾಶಿ ಬೀಳುತ್ತದೆ. ಅದು ಹಂಗಾಮಿನುದ್ದಕ್ಕೂ ಔಷಧಿ ಕುಡಿದ ಎಲೆ. ಬೋರ್ಡೋ ದ್ರಾವಣದ ಮೈಲುತುತ್ತದಲ್ಲಿ ತಾಮ್ರವಿದೆ, ಕುರಿಗೆ ತಾಮ್ರ ಆಗಿಬರುವುದಿಲ್ಲ. ಅದು ಈಲಿಯಲ್ಲಿ ಸೇರುತ್ತ ಹೋಗಿ ಒಂದು ದಿನ ಏಕಾಏಕಿ ಕಾಮಾಲೆ, ಕಪ್ಪು ಮೂತ್ರ ಕಾಣಿಸಿ ಕುರಿ ಸಾಯುತ್ತದೆ. ಹೊಲದಲ್ಲಿ ಕುರಿ ನಿಲ್ಲಿಸಲು ಬಂದ ಹಿಂಡಿನವರಿಗೆ ಯಾವ ತೋಟಕ್ಕೆ ಯಾವಾಗ ಔಷಧಿ ಹೊಡೆದಿದೆ ಎಂದು ತಿಳಿಸುವುದು ತೋಟದವರ ಹೊಣೆ.

ಹಾಗಾದರೆ ಆಡಿಗೆ ಏನು ಹಾಕುವುದು? ಈ ದಿನಗಳಲ್ಲಿ ಜಾಲಿಕಾಯಿ ಮಾಗಿ ಉದುರುತ್ತದೆ. ಬೆಳಿಗ್ಗೆ ಮರದ ಬುಡದಲ್ಲಿ ಬಿದ್ದ ಕಾಯಿ ಆರಿಸಿ, ಚೀಲ ತುಂಬಿ, ಸಂಜೆಗೆ ಹಿಡಿ ಹಿಡಿ ಹಾಕಿ. ಅಲುಗಿಸಿದರೆ ಬೀಜ ಗಿಲಕಿಯಂತೆ ಸದ್ದು ಮಾಡುವ ಒಣಗಿದ ಕಾಯಿಯನ್ನು ಉಸ್ಮಾನಾಬಾದಿ ಆಡುಗಳು ಕಿತ್ತಾಡಿ ತಿನ್ನುತ್ತವೆ.

ಹಬ್ಬದ ಎಂಜಲು, ರಾಶಿಯ ಕಾಳು

ಯುಗಾದಿ ಹೋಳಿಗೆ, ಮದುವೆ ಮನೆಯಲ್ಲಿ ಉಳಿದ ಅನ್ನ, ಬುಂದಿ ಬಕೆಟ್‌ಗಟ್ಟಲೆ ಕೊಟ್ಟಿಗೆಗೆ ಬರುವ ಕಾಲವಿದು. ಪ್ರೀತಿಯಿಂದಲೇ ಹಾಕುತ್ತಾರೆ. ಆದರೆ ಕಣಿಕೆಗೆ ಹೊಂದಿಕೊಂಡ ಹೊಟ್ಟೆಗೆ ಒಮ್ಮೆಲೇ ಅಷ್ಟು ಅನ್ನ, ಸಿಹಿ ಬಿದ್ದರೆ ಒಳಗೆ ಹುಳಿ ಏರುತ್ತದೆ. ಮೆಲುಕು ನಿಲ್ಲುತ್ತದೆ, ನೀರಿನಂಥ ಸಗಣಿ, ಮರುದಿನ ದನ ಏಳುವುದಿಲ್ಲ. ಹಗ್ಗ ಬಿಚ್ಚಿಕೊಂಡು ಜೋಳದ ರಾಶಿಗೆ ಬಾಯಿ ಹಾಕಿದರೂ ಇದೇ ಗತಿ. ದೊಡ್ಡ ದನಕ್ಕೆ ಒಂದು ಹೋಳಿಗೆ ಸಾಕು. ಮೆಲುಕು ನಿಂತಿದ್ದು ಕಂಡರೆ ಬೆಳಗಾಗಲಿ ಎಂದು ಕಾಯದೆ ವೈದ್ಯರನ್ನು ಕರೆಸಿ.

ನೀರು, ನೆರಳು

ಎಮ್ಮೆಯ ಕರಿ ಚರ್ಮ ಬಿಸಿಲನ್ನು ಹೀರುತ್ತದೆ, ಅದಕ್ಕೆ ಬೆವರುವ ಶಕ್ತಿಯೂ ಕಡಿಮೆ. ಮಧ್ಯಾಹ್ನ ಎರಡು ಮೂರು ಸಲ ಮೈಗೆ ನೀರು ಹೊಯ್ಯಿರಿ. ಹಾಲು ಕೊಡುವ ಎಮ್ಮೆ ಬೇಸಿಗೆಯಲ್ಲಿ ದಿನಕ್ಕೆ 70ರಿಂದ 100 ಲೀಟರ್ ನೀರು ಕುಡಿಯುತ್ತದೆ. ಎರಡು ಹೊತ್ತು ಬಕೆಟ್ ತೋರಿಸಿದರೆ ಸಾಲದು, ನೆರಳಲ್ಲಿ ಬಾನಿ ಸದಾ ತುಂಬಿರಲಿ. ತಗಡಿನ ಶೆಡ್ಡಿನ ಮೇಲೆ ಕಬ್ಬಿನ ರವದಿ ಹೊದಿಸಿ, ಪಡುವಣ ಬದಿಗೆ ಗೋಣಿಚೀಲ ಇಳಿಬಿಟ್ಟು ನೀರು ಚಿಮುಕಿಸಿ. ಒಣಮೇವಿನ ಹೆಚ್ಚಿನ ಪಾಲನ್ನು ರಾತ್ರಿಗೆ ಹಾಕಿ, ಮೇವು ಕರಗುವಾಗ ಮೈ ಬಿಸಿಯೇರುತ್ತದೆ. ಖಿಲಾರಿ ಎತ್ತುಗಳು ಬಿಸಿಲು ತಾಳುತ್ತವೆ ನಿಜ, ಆದರೂ ನೇಗಿಲು ನಸುಕಿನಲ್ಲಿ ಹೂಡಿ ಹತ್ತರೊಳಗೆ ಬಿಚ್ಚಿ.

ಬೇಸಿಗೆಯಲ್ಲಿ ಎಮ್ಮೆಯ ಬೆದೆ ಮೂಕ ಬೆದೆ. ಒದರುವುದಿಲ್ಲ, ರಾತ್ರಿ ಅಥವಾ ನಸುಕಿನಲ್ಲಿ ತುಸು ಲೋಳೆ ಕಾಣುತ್ತದೆ, ಅಷ್ಟೇ. ಹಾಲು ಹಿಂಡುವ ಮೊದಲು ಬಾಲದ ಬುಡ ನೋಡುವ ರೂಢಿ ಇಟ್ಟುಕೊಳ್ಳಿ. ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭ ಕಟ್ಟಿಸಬೇಕು.

ಕರು, ಮರಿ, ಕೋಳಿ

ಹುಟ್ಟಿದ ಕರುವಿಗೆ ಒಂದು ಗಂಟೆಯೊಳಗೆ ಗಿಣ್ಣದ ಹಾಲು ಕುಡಿಸಿ. ಮಾಸು ಬೀಳಲಿ ಎಂದು ಕಾಯಬೇಡಿ. ದಿನಕ್ಕೆ ಕರುವಿನ ತೂಕದ ಹತ್ತನೇ ಒಂದು ಪಾಲು, ಅಂದರೆ 25 ಕೆ.ಜಿ. ಕರುವಿಗೆ ಎರಡೂವರೆ ಲೀಟರ್. ಹೊಕ್ಕುಳಿಗೆ ಅಯೋಡಿನ್ ಹಚ್ಚಿ. ಎಮ್ಮೆಗರುವಿಗೆ ಹತ್ತು ಹದಿನೈದು ದಿನಕ್ಕೆ ಜಂತಿನ ಔಷಧಿ ತಪ್ಪಿಸಬೇಡಿ, ತಾಯಿಯ ಹಾಲಿನಿಂದಲೇ ಜಂತು ಇಳಿದು ಬರುತ್ತದೆ.

ಕೋಳಿ ಕಾವಿಗೆ ಕೂಡಿಸುವುದಿದ್ದರೆ ಫಾಲ್ಗುಣದಲ್ಲೇ ಕೂಡಿಸಿ. ವಾರದೊಳಗಿನ ಹತ್ತು ಹನ್ನೆರಡು ತತ್ತಿ ಸಾಕು, 21 ದಿನಕ್ಕೆ ಮರಿ. ಮೊದಲ ವಾರದಲ್ಲೇ ಕೊಕ್ಕರೆ ರೋಗದ ಲಸಿಕೆ ಹಾಕಿಸಿ.

ಮಳೆಗೆ ಮೊದಲು ಲಸಿಕೆ

ಕಾಲುಬಾಯಿ ಬೇನೆಯ ಲಸಿಕೆ ಸರ್ಕಾರದಿಂದಲೇ ಉಚಿತ. 2019ರಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ ಊರಿಗೇ ಬಂದು ಹಾಕುತ್ತಾರೆ. ಕಿವಿಗೆ 12 ಅಂಕಿಯ ಓಲೆ ಇಲ್ಲದಿದ್ದರೆ ಆಗಲೇ ಹಾಕಿಸಿಕೊಳ್ಳಿ. ಗಳಲೆ ರೋಗ, ಚಪ್ಪೆ ಬೇನೆಯ ಲಸಿಕೆ ಮೇ ತಿಂಗಳಲ್ಲೇ ಆಗಬೇಕು, ಕುರಿ ಆಡಿಗೆ ಕರುಳುಬೇನೆಯದೂ ಅಷ್ಟೇ. ಲಸಿಕೆಗೆ ಒಂದೆರಡು ವಾರ ಮೊದಲು ವೈದ್ಯರನ್ನು ಕೇಳಿ, ತೂಕಕ್ಕೆ ತಕ್ಕಂತೆ ಜಂತಿನ ಔಷಧಿ ಕೊಡಿ. ಗೋಡೆಯ ಬಿರುಕಿನಲ್ಲಿ ಉಣ್ಣಿ ತತ್ತಿ ಇಡುತ್ತದೆ. ಬಿರುಕು ಮುಚ್ಚಿ ಸುಣ್ಣ ಬಳಿಯಿರಿ, ಜರ್ಸಿ ಮತ್ತು ಎಚ್‌ಎಫ್ ಆಕಳಿರುವ ಮನೆಯವರಂತೂ ಇದನ್ನು ಬಿಡಬಾರದು.

ತುರ್ತಿಗೆ 1962ಕ್ಕೆ ಕರೆ ಮಾಡಿದರೆ ಪಶು ಸಂಜೀವಿನಿ ವಾಹನ ಬರುತ್ತದೆ. ಊರು, ದನದ ವಯಸ್ಸು, ಗಬ್ಬವೋ ಅಲ್ಲವೋ, ಕೊನೆಗೆ ತಿಂದದ್ದು ಏನು ಎಂಬುದನ್ನು ಹೇಳಲು ತಯಾರಿರಿ. ಲಸಿಕೆ ಹಾಕಿಸಿದ ಮೇಲೆ ಎತ್ತುಗಳಿಗೆ ಎರಡು ದಿನ ನೊಗ ಬೇಡ. ಎಮ್ಮೆಯ ಹಾಲು ಒಂದೆರಡು ದಿನ ತುಸು ಇಳಿದರೆ ಗಾಬರಿಯಾಗಬೇಡಿ, ಮತ್ತೆ ಏರುತ್ತದೆ.