ಬೆಂಕಿ ಕುದುರೆಯ ವರ್ಷಕ್ಕೆ ದೊಡ್ಡಮ್ಮನ ಕಿವಿಮಾತು

ತಂಗಿಯ ಮಗಳು ಗಂಡನ ಕೆಲಸದ ನಿಮಿತ್ತ ಟೋಕಿಯೊದಲ್ಲಿದ್ದಾಳೆ. 2026ರ ಕೊನೆಗೆ ಹೆರಿಗೆ. ಅಲ್ಲಿನ ಲೆಕ್ಕದಲ್ಲಿ ಇದು ಕುದುರೆ ವರ್ಷ, ಅದರಲ್ಲೂ ಅರವತ್ತು ವರ್ಷಕ್ಕೊಮ್ಮೆ ಬರುವ ಬೆಂಕಿ ಕುದುರೆ. "ಹೆಣ್ಣಾದರೆ ಏನೇನೋ ಅಂತಾರಂತಲ್ಲ ದೊಡ್ಡಮ್ಮ, ನಿಜವಾ?" ಎಂದು ಕೇಳಿದಳು. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲವಾದ್ದರಿಂದ ಬರೆದು ಕಳಿಸಿದೆ. ಆ ಕಡೆ ಹೊರಟ ಬೇರೆ ಮಕ್ಕಳಿಗೂ ಉಪಯೋಗಕ್ಕೆ ಬಂದೀತು.

• ಮೊದಲು ನಿನ್ನ ಪ್ರಾಣಿ ಯಾವುದೆಂದು ತಿಳಿದುಕೋ. ನೀನು ಹುಟ್ಟಿದ್ದು 1990ರ ಸಂಕ್ರಾಂತಿಯ ಆಸುಪಾಸು. ಜಪಾನಿನವರು 1873ರಲ್ಲೇ ಇಂಗ್ಲಿಷ್ ಕ್ಯಾಲೆಂಡರಿಗೆ ಬಂದರು. ಅವರಿಗೆ ಜನವರಿ 1ಕ್ಕೇ ಪ್ರಾಣಿ ಬದಲಾಗುತ್ತದೆ. ಅಲ್ಲಿ ನೀನು ಕುದುರೆ. ಚೀನಾದವರಿಗೆ ಚಾಂದ್ರಮಾನದ ಹೊಸ ವರ್ಷವೇ ಬರಬೇಕು. 1990ರಲ್ಲಿ ಅದು ಬಂದದ್ದು ಜನವರಿ 27ಕ್ಕೆ, ಹಾಗಾಗಿ ಅವರ ಪಾಲಿಗೆ ನೀನಿನ್ನೂ ಹಾವು. ಟೋಕಿಯೊದಲ್ಲಿ ವಿಮಾನ ಹತ್ತಿ ಶಾಂಘೈಯಲ್ಲಿ ಇಳಿಯುವಷ್ಟರಲ್ಲಿ ನಿನ್ನ ಹುಟ್ಟುಗುಣವೇ ಬದಲಾಯಿತು ನೋಡು. ಇದನ್ನು ಎಷ್ಟು ತಲೆಗೆ ಹಚ್ಚಿಕೊಳ್ಳಬೇಕೆಂದು ನೀನೇ ಲೆಕ್ಕ ಹಾಕು.

• ಗುಣವಿಶೇಷ ಕೇಳಿಸಿಕೋ, ಹರಟೆಗೆ ಚೆನ್ನಾಗಿರುತ್ತದೆ. ಹನ್ನೆರಡು ಪ್ರಾಣಿಗಳಲ್ಲಿ ಕುದುರೆ ಏಳನೆಯದು. ದಿಕ್ಕು ದಕ್ಷಿಣ, ಹೊತ್ತು ಹಗಲು 11ರಿಂದ 1. ಬಿಸಿಲು ನೆತ್ತಿಗೇರುವ ಹೊತ್ತಿನ ಪ್ರಾಣಿಯಾದ್ದರಿಂದ ಅದರವರು ಚುರುಕು, ಮಾತುಗಾರರು, ನಾಲ್ಕು ಜನ ಸೇರಿದರೆ ಹುರುಪು. ತಿರುಗಾಟವೆಂದರೆ ಪ್ರಾಣ. ಒಬ್ಬರ ಹಂಗಿನಲ್ಲಿ ಇರಲಾರರು. ಬಾಯಲ್ಲಿ ಗುಟ್ಟು ನಿಲ್ಲದು, ಹಿಡಿದ ಕೆಲಸ ಮುಗಿಯುವ ಮೊದಲೇ ಇನ್ನೊಂದಕ್ಕೆ ಕೈ ಹಾಕುತ್ತಾರೆ. ಹುಲಿ, ನಾಯಿ, ಕುರಿ ವರ್ಷದವರೊಡನೆ ಹೊಂದಾಣಿಕೆಯಂತೆ. ಇಲಿಯವರೊಡನೆ ಎಣ್ಣೆ ಸೀಗೆಕಾಯಿ. ನಿನ್ನ ಗಂಡ 1984ರ ಇಲಿ! ನಿಮ್ಮ ಜಗಳಕ್ಕೆ ಕಾರಣ ಇಲಿಯೂ ಅಲ್ಲ ಕುದುರೆಯೂ ಅಲ್ಲ, ಮಂಚದ ಮೇಲೆ ಬಿಸಾಡಿದ ಒದ್ದೆ ಟವೆಲ್ಲು ಎಂದು ನಿಮ್ಮಿಬ್ಬರನ್ನೂ ಕಂಡ ನನಗೆ ಗೊತ್ತು.

• "ನಿಮ್ಮ ಪ್ರಾಣಿ ಯಾವುದು?" ಎಂದು ಯಾರಾದರೂ ನಯವಾಗಿ ಕೇಳಿದರೆ ಅವರು ಕೇಳುತ್ತಿರುವುದು ವಯಸ್ಸು. ಕುದುರೆ ಎಂದ ಕೂಡಲೇ 24, 36, 48 ಎಂದು ಹನ್ನೆರಡರ ಮಗ್ಗಿ ಓಡುತ್ತದೆ, ಮುಖ ನೋಡಿ ಒಂದರಲ್ಲಿ ನಿಲ್ಲಿಸುತ್ತಾರೆ. ಬೇಜಾರು ಮಾಡಿಕೊಳ್ಳಬೇಡ. ಆದರೆ ಅರವತ್ತರ ಆಸುಪಾಸಿನ ಜಪಾನಿ ಹೆಂಗಸರಿಗೆ ನೀನಾಗಿ ಈ ಪ್ರಶ್ನೆ ಹಾಕಬೇಡ. ಯಾಕೆಂದು ಮುಂದೆ ಹೇಳುತ್ತೇನೆ.

• ಬೆಂಕಿ ಕುದುರೆಯ ಕಥೆ ಪೂರ್ತಿ ಗೊತ್ತಿರಲಿ, ಅರ್ಧ ಗೊತ್ತಿದ್ದರೇ ಭಯ. ಹನ್ನೆರಡು ಪ್ರಾಣಿಗಳ ಜೊತೆಗೆ ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಐದು ತತ್ವಗಳೂ ಸುತ್ತುತ್ತವೆ. ಎರಡೂ ಸೇರಿ ಅರವತ್ತಕ್ಕೆ ಒಂದು ಸುತ್ತು. ಕುದುರೆ ಮೊದಲೇ ಬೆಂಕಿಯ ಪ್ರಾಣಿ. ಅದಕ್ಕೆ ಬೆಂಕಿಯ ವರ್ಷವೂ ಕೂಡಿದರೆ ಉರಿಗೆ ಉರಿ. ಆ ವರ್ಷ ಹುಟ್ಟಿದ ಹೆಣ್ಣು ಗಂಡನ ಆಯುಸ್ಸು ತಿನ್ನುತ್ತಾಳೆ ಎಂಬ ಮಾತು ಜಪಾನಿನಲ್ಲಿ ಬೇರೂರಿತು. ಎದೋ ನಗರದಲ್ಲಿ ಓಶಿಚಿ ಎಂಬ ತರಕಾರಿ ಅಂಗಡಿಯವನ ಮಗಳಿದ್ದಳು. ಊರಿಗೆ ಬೆಂಕಿ ಬಿದ್ದಾಗ ಅವರ ಮನೆಯವರು ದೇವಸ್ಥಾನದಲ್ಲಿ ಆಶ್ರಯ ಪಡೆದರು. ಅಲ್ಲಿ ಒಬ್ಬ ಹುಡುಗನ ಮೇಲೆ ಅವಳಿಗೆ ಮನಸ್ಸಾಯಿತು. ಇನ್ನೊಮ್ಮೆ ಬೆಂಕಿ ಬಿದ್ದರೆ ಇನ್ನೊಮ್ಮೆ ಅವನನ್ನು ನೋಡಬಹುದೆಂದು ತಾನೇ ಬೆಂಕಿ ಹಚ್ಚಿದಳಂತೆ. 1683ರಲ್ಲಿ ಆ ಹುಡುಗಿಯನ್ನು ಜೀವಂತ ಸುಟ್ಟರು. 1686ರಲ್ಲಿ ಇಹಾರಾ ಸೈಕಾಕು ಅವಳ ಕಥೆ ಬರೆದ; ಆಮೇಲೆ ಬೊಂಬೆಯಾಟದವರು, ನಾಟಕದವರು ಅವಳನ್ನು 1666ರ ಬೆಂಕಿ ಕುದುರೆಯಲ್ಲಿ ಹುಟ್ಟಿದವಳೆಂದು ಊರೂರಿಗೆ ಹಬ್ಬಿಸಿದರು. ಒಬ್ಬ ಹುಚ್ಚು ಹುಡುಗಿಯ ತಪ್ಪಿಗೆ ಇಡೀ ವರ್ಷದ ಹೆಣ್ಣುಮಕ್ಕಳು ತಲೆ ತಗ್ಗಿಸಬೇಕಾಯಿತು.

• ಆ ಮಾತು ಎಲ್ಲಿಗೆ ಮುಟ್ಟಿತು ಗೊತ್ತೇ? 1965ರಲ್ಲಿ ಜಪಾನಿನಲ್ಲಿ ಹುಟ್ಟಿದ ಮಕ್ಕಳು 18 ಲಕ್ಷ ಚಿಲ್ಲರೆ. 1966ರಲ್ಲಿ 13.6 ಲಕ್ಷ. 1967ರಲ್ಲಿ ಮತ್ತೆ 19 ಲಕ್ಷ ದಾಟಿತು. ಅಷ್ಟು ಹೊತ್ತಿಗೆ ಬುಲೆಟ್ ರೈಲು ಓಡಿತ್ತು, ಟೋಕಿಯೊದಲ್ಲಿ ಒಲಿಂಪಿಕ್ಸ್ ನಡೆದಿತ್ತು. ಓದು ಬರಹ ಬಂದವರೇ ಆ ಒಂದು ವರ್ಷ ಮಗು ಬೇಡವೆಂದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹುಟ್ಟಿದ ಕಿಕೊ ಮುಂದೆ ಅರಮನೆಯ ಸೊಸೆಯಾಗಿ, ಈಗ ಯುವರಾಣಿ. ಯಾರಾದರೂ ನಿನ್ನ ಹೊಟ್ಟೆ ನೋಡಿ ನಿಟ್ಟುಸಿರು ಬಿಟ್ಟರೆ ಆ ಹೆಸರೊಂದನ್ನು ಹೇಳು, ಸಾಕು.

• ಕೊರಿಯಾದ ಗೆಳತಿಯರ ಮುಂದೆ ನೀನು 1990ರವಳೆಂದು ಹೇಳಿದಾಗ ಅವರು ಒಂದು ಕ್ಷಣ ಸುಮ್ಮನಾಗಬಹುದು. ಅಲ್ಲಿ ಆ ವರ್ಷ ಬಿಳಿ ಕುದುರೆ. ಆಗ ಹುಟ್ಟುವ ಹೆಣ್ಣು ಬಹಳ ಗಟ್ಟಿಗಿತ್ತಿ, ಅವಳ ಹಣೆಬರಹ ಒರಟು ಎನ್ನುತ್ತಿದ್ದರು. ಗಂಡು ಬೇಕೆಂಬ ಹಟ ಮೊದಲೇ ಇತ್ತು, ಸ್ಕ್ಯಾನಿಂಗ್ ಯಂತ್ರವೂ ಬಂದಿತ್ತು. ಆ ವರ್ಷ 100 ಹೆಣ್ಣುಮಕ್ಕಳಿಗೆ 116.5 ಗಂಡುಮಕ್ಕಳು ಹುಟ್ಟಿದರು. ಇದರ ಬಗ್ಗೆ ನಗೆಚಾಟಿಕೆ ಬೇಡ. ಇಲ್ಲಿ ನಮ್ಮ ಸರ್ಕಾರ 1994ರಲ್ಲಿ ಲಿಂಗಪತ್ತೆಯ ವಿರುದ್ಧ ಕಾನೂನು ಮಾಡಿದ್ದು ಸುಮ್ಮನೆ ಅಲ್ಲ.

• "ಅವರಿಗೆ ಬುದ್ಧಿ ಇಲ್ಲ" ಎಂದು ಮೂಗು ಮುರಿಯಬೇಡ. ಮೂಲಾ ನಕ್ಷತ್ರದ ಹುಡುಗಿ ಮಾವನಿಗೆ ಆಗಿ ಬರುವುದಿಲ್ಲ, ಆಶ್ಲೇಷಾ ಆದರೆ ಅತ್ತೆಗೆ ಎನ್ನುವ ಊರಿನವರು ನಾವು. ನಮ್ಮ ಸೋದರತ್ತೆಯದು ಮೂಲಾ. ಹುಟ್ಟಿದ ಗಳಿಗೆಯನ್ನು ಒಂದಿಷ್ಟು ಮುಂದೆ ತಳ್ಳಿ, ಪೂರ್ವಾಷಾಢ ಎಂದು ಹೊಸ ಜಾತಕ ಬರೆಸಿದ ಮೇಲೆಯೇ ಗಂಡು ಸಿಕ್ಕಿದ್ದು. ಹಳೆಯ ಜಾತಕ ಅಜ್ಜಿಯ ಪೆಟ್ಟಿಗೆಯ ತಳದಲ್ಲಿತ್ತು, ಅರಿಸಿನದ ಕಲೆ ಹಾಗೇ ಇತ್ತು. 1906ರ ಬೆಂಕಿ ಕುದುರೆಯಲ್ಲಿ ಜಪಾನಿನ ತಂದೆಯರೂ ಇದನ್ನೇ ಮಾಡಿದರು: ಹೆಣ್ಣು ಹುಟ್ಟಿದ್ದನ್ನು ಹಿಂದಿನ ವರ್ಷಕ್ಕೋ ಮುಂದಿನ ವರ್ಷಕ್ಕೋ ಬರೆಸಿದರು.

• ಅಮ್ಮ ಪಂಚಾಂಗ ಹಿಡಿದು ಹೆದರಿಸಿದರೆ ಹೀಗೆ ಕೇಳು. ನಮ್ಮದೂ ಅರವತ್ತು ಸಂವತ್ಸರದ ಸುತ್ತು. 2026ರ ಯುಗಾದಿಗೆ ಬಂದದ್ದು ಪರಾಭವ. 1966ರಲ್ಲೂ ಅದೇ ಇತ್ತು. ಪರಾಭವ ಎಂದರೆ ಸೋಲು! ಅಷ್ಟು ಕೆಟ್ಟ ಹೆಸರಿನ ವರ್ಷ ಬಂತೆಂದು ನಮ್ಮ ಕಡೆ ಯಾರಾದರೂ ಬಸಿರು ಮುಂದಕ್ಕೆ ಹಾಕಿದ್ದುಂಟೇ?

• ಸ್ವಂತ ಪ್ರಾಣಿಯ ವರ್ಷಕ್ಕೆ ಎಲ್ಲರಿಗೂ ಒಂದೇ ಶುಭಾಶಯ ಹೇಳಬೇಡ. ಚೀನಾದವರಿಗೆ ಅದು ಗಂಡಾಂತರದ ವರ್ಷ. ಕೆಂಪು ಒಳಉಡುಪು, ಕೆಂಪು ಸೊಂಟಪಟ್ಟಿ ಹಾಕಿಕೊಂಡು ಕಳೆಯುತ್ತಾರೆ. ಜಪಾನಿನಲ್ಲಿ ಅದು ಅದೃಷ್ಟ, ಫೆಬ್ರವರಿಯ ಸೆತ್ಸುಬುನ್ ದಿನ ದೇವಸ್ಥಾನಗಳಲ್ಲಿ ಅಂಥವರಿಂದಲೇ ಹುರಿದ ಸೋಯಾ ಕಾಳು ಎರಚಿಸುತ್ತಾರೆ.

• ಪಕ್ಕದ ಮನೆಯ ಹೆಂಗಸು 1966ರವರೆಂದು ತಾನಾಗಿ ತಿಳಿದರೆ, ಈ ವರ್ಷ ಅವರಿಗೆ ಅರವತ್ತು ತುಂಬುತ್ತದೆ. ನಮ್ಮ ಷಷ್ಟ್ಯಬ್ದಿಯಂತೆ ಅವರಲ್ಲಿ ಕಾನ್‌ರೆಕಿ; ಕೆಂಪು ಟೋಪಿ, ಕೆಂಪು ತೋಳಿಲ್ಲದ ಅಂಗಿ ತೊಡಿಸಿ ಕೂರಿಸುತ್ತಾರೆ. ಒಂದು ಡಬ್ಬಿ ಮೈಸೂರುಪಾಕ ಕೊಟ್ಟು ಬಾ. ಪ್ರಾಣಿಯ ಮಾತು ಎತ್ತಬೇಡ.

• ಹೆರಿಗೆ 2027ರ ಜನವರಿಗೆ ಜಾರಿದರೆ ಮಗು ಜಪಾನಿನಲ್ಲಿ ಕುರಿ. ಚೀನಾದಲ್ಲಿ ಫೆಬ್ರವರಿ 6ರ ಹೊಸ ವರ್ಷದವರೆಗೂ ಕುದುರೆಯೇ. ಅಲ್ಲಿ ಕುರಿ ವರ್ಷದ ಹೆಣ್ಣಿಗೂ ಏನೋ ಒಂದು ಕೊಂಕು ಇದೆ, ಅದನ್ನು ಹುಡುಕಿಕೊಂಡು ಹೋಗಬೇಡ. ನೆನಪಿಡಬೇಕಾದ ಲೆಕ್ಕ ಬೇರೆ: ಹೆರಿಗೆಯಾದ 14 ದಿನದೊಳಗೆ ವಾರ್ಡ್ ಕಚೇರಿಯಲ್ಲಿ ಜನನ ನೋಂದಣಿ, 30 ದಿನದೊಳಗೆ ಮಗುವಿನ ವಾಸದ ಪರವಾನಗಿಗೆ ಅರ್ಜಿ. ಆಮೇಲೆ ನಮ್ಮ ರಾಯಭಾರ ಕಚೇರಿಯಲ್ಲಿ ಪಾಸ್‌ಪೋರ್ಟಿನ ಕೆಲಸ. ಬಾಣಂತಿಗೆ ಓಡಾಟ ಆಗದು, ಕಾಗದಗಳನ್ನು ಈಗಲೇ ಒಂದು ಫೈಲಿನಲ್ಲಿ ಜೋಡಿಸಿ ನಿನ್ನ ಇಲಿರಾಯನ ಕೈಗೆ ಕೊಟ್ಟಿಡು.